ಹಳೆಯ ಪಿಕಪ್ಪಿಗೆ ಪವರ್ ಸ್ಟೇರಿಂಗ್: ಮೊದಲು ಭಾರ ಎಲ್ಲಿದೆ ನೋಡಿ

ಈ ಸಲದ ಅಂಚೆಯಲ್ಲಿ ಬಹುಪಾಲು ಪತ್ರಗಳು ಒಂದೇ ವಿಷಯದವು. ಹಳೆಯ ಪಿಕಪ್ಪು, ಜೀಪುಗಳನ್ನು ಜೋಪಾನವಾಗಿ ಇಟ್ಟುಕೊಂಡವರು, ದಿನವೂ ಓಡಿಸುವವರು, ತಂದೆಯ ಗಾಡಿಯನ್ನು ಮಾರಲು ಮನಸ್ಸು ಬಾರದವರು, ಎಲ್ಲರೂ ಕೇಳುವುದು ಒಂದೇ: ಸ್ಟೇರಿಂಗ್ ತಿರುಗಿಸಿ ತಿರುಗಿಸಿ ತೋಳು ಸೋತಿದೆ, ಪವರ್ ಸ್ಟೇರಿಂಗ್ ಹಾಕಿಸಬಹುದೇ? ಹಾಕಿಸಬಹುದು. ಆದರೆ ಗಾಡಿಗೆ ಅದು ನಿಜವಾಗಿ ಬೇಕೇ, ಬೇಕಾದರೆ ಯಾವ ಬಗೆಯದು, ಅದನ್ನು ತಾಳಿಕೊಳ್ಳುವ ಶಕ್ತಿ ಚಾಸಿಗೆ ಇದೆಯೇ ಎಂಬುದು ಒಂದೊಂದು ಗಾಡಿಗೆ ಒಂದೊಂದು ಥರ. ಆದ್ದರಿಂದ ಪತ್ರಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಸರ್, ನಮ್ಮ ತೋಟದಲ್ಲಿ ಅಪ್ಪನ ಕಾಲದ ಮಹೀಂದ್ರ ಎಫ್‌ಸಿ-150 ಪಿಕಪ್ ಇದೆ, ಫೋರ್ ವೀಲ್ ಡ್ರೈವ್. ಗೊಬ್ಬರ, ಕಾಫಿ ಮೂಟೆ, ಸೌದೆ ಎಲ್ಲಕ್ಕೂ ಅದೇ. ಎರಡು ವರ್ಷದಿಂದ ಸ್ಟೇರಿಂಗ್ ವಿಪರೀತ ಬಿಗಿಯಾಗಿದೆ. ಹೇರ್‌ಪಿನ್ ತಿರುವಿನಲ್ಲಿ ಸೀಟಿನಿಂದ ಎದ್ದು ಮೈಭಾರ ಹಾಕಿ ತಿರುಗಿಸಬೇಕು. ಬೊಲೆರೊದ ಪವರ್ ಸ್ಟೇರಿಂಗ್ ಕೂರಿಸಿ ಕೊಡುತ್ತೇನೆ ಅಂತ ಹಾಸನದ ಮೆಕ್ಯಾನಿಕ್ ಒಬ್ಬರು ಹೇಳುತ್ತಿದ್ದಾರೆ. ಹಾಕಿಸಲೇ?
– ಕಾಫಿ ಬೆಳೆಗಾರರು, ಸಕಲೇಶಪುರ

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಎರಡು ವರ್ಷದಿಂದ’ ಎಂಬ ಮಾತಿನ ಮೇಲೆ. ಅದೇ ಗಾಡಿಯನ್ನು, ಅದೇ ತಿರುವುಗಳಲ್ಲಿ ನಿಮ್ಮ ತಂದೆ ಎಷ್ಟೋ ವರ್ಷ ಓಡಿಸಿದ್ದಾರೆ. ಅಂದಮೇಲೆ ಸ್ಟೇರಿಂಗ್ ಹುಟ್ಟಾ ಭಾರವಲ್ಲ, ಈಚೆಗೆ ಭಾರವಾಗಿದೆ. ಯಾಕೆ ಆಯಿತು ಎಂದು ತಿಳಿಯದೆ ಪವರ್ ಸ್ಟೇರಿಂಗ್ ಹಾಕಿದರೆ ರೋಗ ಹಾಗೇ ಉಳಿಯುತ್ತದೆ, ಅದು ಕೈಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ಚಕ್ರ ತಿರುಗುವ ಅಚ್ಚು, ಅಂದರೆ ಕಿಂಗ್‌ಪಿನ್, ಹಿಡಿದುಕೊಂಡಿದ್ದರೂ ಪವರ್ ಸ್ಟೇರಿಂಗಿನ ಎಣ್ಣೆಯ ಒತ್ತಡ ಅದನ್ನು ತಿರುಗಿಸಿಬಿಡುತ್ತದೆ. ಹಾಗೆ ತಿರುಗಿಸುತ್ತಾ ಒಂದು ದಿನ ಏನಾದರೂ ಮುರಿಯುತ್ತದೆ, ಘಟ್ಟದ ರಸ್ತೆಯಲ್ಲಿ ಮುರಿಯಬಾರದ ಭಾಗವೇ ಮುರಿಯುತ್ತದೆ.

ಅರ್ಧ ದಿನ ಬಿಡುವು ಮಾಡಿಕೊಂಡು ಹೀಗೆ ನೋಡಿ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಈಗ ಸ್ಟೇರಿಂಗ್ ತಿರುಗಿಸಿ. ನೆಲ ಬಿಟ್ಟ ಮೇಲೆ ಸಲೀಸಾಗಿ ತಿರುಗಿದರೆ ಭಾರ ಇರುವುದು ಟೈರು ಮತ್ತು ನೆಲದ ನಡುವೆ. ಗಾಳಿ ಕಡಿಮೆಯಿರಬಹುದು ಅಥವಾ ಯಾರೋ ಅಗಲದ ಟೈರು ಹಾಕಿಸಿರಬಹುದು. ಈ ಗಾಡಿಗಳು ಕಾರ್ಖಾನೆಯಿಂದ ಬಂದದ್ದು ಕಿರಿದಾದ ಟೈರಿನಲ್ಲಿ. ಅಗಲದ ಟೈರು, ಹೊರಗೆ ಚಾಚಿದ ರಿಮ್ಮು ಸೇರಿದರೆ ಚಕ್ರ ತಿರುಗುವ ಅಚ್ಚಿಗೂ ಟೈರು ನೆಲ ಮುಟ್ಟುವ ಜಾಗಕ್ಕೂ ದೂರ ಹೆಚ್ಚುತ್ತದೆ. ಆಗ ಚಕ್ರ ತಿರುಗುವ ಬದಲು ನೆಲವನ್ನು ಉಜ್ಜುತ್ತದೆ, ಅದರ ಭಾರವೆಲ್ಲ ನಿಮ್ಮ ಭುಜಕ್ಕೆ.

ಎತ್ತಿದ ಮೇಲೂ ಬಿಗಿಯಾಗಿದ್ದರೆ ಡ್ರ್ಯಾಗ್ ಲಿಂಕ್ ಬಿಚ್ಚಿ. ಈಗ ಸ್ಟೇರಿಂಗ್ ಬಾಕ್ಸ್ ಬೇರೆ, ಚಕ್ರ ಬೇರೆ. ಮೊದಲು ಸ್ಟೇರಿಂಗ್ ಒಂದನ್ನೇ ಆ ಕೊನೆಯಿಂದ ಈ ಕೊನೆಯವರೆಗೆ ಮೆಲ್ಲಗೆ ತಿರುಗಿಸಿ. ಜೀಪಿನ ಕುಟುಂಬದ ಹಳೆಯ ಗಾಡಿಗಳಲ್ಲಿ ಇರುವುದು ರಾಸ್ ಮಾದರಿಯ ಬಾಕ್ಸ್: ಹುರಿ ಹೊಸೆದಂತಹ ಕ್ಯಾಮ್, ಅದರ ತೋಡಿನಲ್ಲಿ ಓಡಾಡುವ ಮೊಳೆಗಳಿರುವ ಲಿವರ್. ಸವೆದು ಪ್ಲೇ ಬಂದಾಗ ಪಕ್ಕದ ಸ್ಕ್ರೂ ಬಿಗಿ ಮಾಡಿ ಕೊಟ್ಟುಬಿಡುವುದು ನಮ್ಮ ಗ್ಯಾರೇಜುಗಳ ರೂಢಿ. ಕ್ಯಾಮು ಹೆಚ್ಚು ಸವೆಯುವುದು ನಡುವಿನಲ್ಲಿ, ಗಾಡಿ ನೇರ ಹೋಗುವಾಗ ಲಿವರ್ ನಿಲ್ಲುವ ಜಾಗದಲ್ಲಿ. ಅಲ್ಲಿಯ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ ಸವೆಯದ ಎರಡೂ ಬದಿಯಲ್ಲಿ ಕಚ್ಚಿಕೊಳ್ಳುತ್ತದೆ. ನಿಮ್ಮದು ತಿರುವಿನಲ್ಲೇ ಹೆಚ್ಚು ಬಿಗಿ ಅಂತ ಬರೆದಿದ್ದೀರಿ, ಆದ್ದರಿಂದ ಇದನ್ನು ಮರೆಯದೆ ನೋಡಿ. ಬಾಕ್ಸಿನಲ್ಲಿ ಗೇರ್ ಆಯಿಲ್ ಇದೆಯೇ, ಸೋರುತ್ತದೆ ಅಂತ ಗ್ರೀಸ್ ತುಂಬಿ ಬಿಟ್ಟಿದ್ದಾರೆಯೇ ಅದನ್ನೂ ತೆಗೆದು ನೋಡಿ. ಗ್ರೀಸ್ ತೋಡಿನಿಂದ ಪಕ್ಕಕ್ಕೆ ಸರಿದು ಕೂತುಬಿಡುತ್ತದೆ, ಮೊಳೆ ಒಣಗಿಕೊಂಡೇ ತಿರುಗುತ್ತದೆ.

ಬಾಕ್ಸ್ ಸಲೀಸಾಗಿದ್ದರೆ ಚಕ್ರದ ಕಡೆಗೆ ಬನ್ನಿ. ಎರಡೂ ಕೈಯಲ್ಲಿ ಟೈರು ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಒಂದೇ ಹಿಡಿತದ ಬಿಗಿ ಇರಬೇಕು, ಎಲ್ಲೂ ಎಡವಬಾರದು. ನಿಂತು ನಿಂತು, ಕಟಕಟನೆ ತಿರುಗಿದರೆ ಕಿಂಗ್‌ಪಿನ್ ಬೇರಿಂಗಿಗೆ ಹಳ್ಳ ಬಿದ್ದಿದೆ ಅಂತ ಅರ್ಥ. ಫೋರ್ ವೀಲ್ ಜೀಪಿನ ಮುಂದಿನ ಆಕ್ಸಲ್ಲಿನ ತುದಿಯಲ್ಲಿ ದೊಡ್ಡ ಉಕ್ಕಿನ ಗುಂಡು, ಅದನ್ನು ತಬ್ಬಿಕೊಂಡ ನಕಲ್, ಹಿಂಭಾಗದಲ್ಲಿ ನೀರು ಕೆಸರು ತಡೆಯುವ ಸೀಲು. ಮಲೆನಾಡಿನ ಮಳೆಯಲ್ಲಿ ಮೊದಲು ಸೋಲುವುದು ಆ ಸೀಲು. ಆಮೇಲೆ ಕೆಂಪು ಮಣ್ಣಿನ ನೀರು ಒಳಗೆ ಹೋಗಿ ಗ್ರೀಸ್ ಕರಗಿ, ಕೆಳಗಿನ ಬೇರಿಂಗು ತುಕ್ಕು ಹಿಡಿಯುತ್ತದೆ. ಬಿಚ್ಚಿದಾಗ ಒಳಗಿಂದ ಚಾಕೊಲೇಟ್ ಬಣ್ಣದ ಕೆಸರು ಬಂದರೆ ನಿಮ್ಮ ಎರಡು ವರ್ಷದ ಕಥೆ ಅಲ್ಲೇ ಇದೆ. ಬೇರಿಂಗು, ಸೀಲು ಎರಡೂ ಹೊಸದು ಹಾಕಿಸಿ, ಮುಚ್ಚಳದ ಕೆಳಗಿನ ಶಿಮ್ಮುಗಳನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟುಕೊಂಡು ಆಮೇಲೆ ಬಿಗಿ ಸರಿಮಾಡಿಸಿ. ಈ ಕೆಲಸಕ್ಕೆ ಆಗುವ ಖರ್ಚು ಪವರ್ ಸ್ಟೇರಿಂಗಿನ ಖರ್ಚಿನ ಸಣ್ಣ ಪಾಲು.

ಇಷ್ಟೆಲ್ಲ ಆದ ಮೇಲೂ ಎಫ್‌ಸಿ ಹೂವಿನಷ್ಟು ಹಗುರವಾಗುವುದಿಲ್ಲ. 1956ರ ಕೊನೆಗೆ ಅಮೆರಿಕದ ವಿಲ್ಲೀಸ್ ಕಂಪನಿ ಈ ಮಾದರಿಯನ್ನು ತಂದದ್ದೇ ಕ್ಯಾಬನ್ನು ಎಂಜಿನ್ ಮೇಲಕ್ಕೆ ಎತ್ತಿಟ್ಟು, ಗಿಡ್ಡ ಗಾಡಿಯಲ್ಲೇ ಉದ್ದದ ತೊಟ್ಟಿ ಸಿಗಲಿ ಎಂದು. ಡ್ರೈವರು, ಎಂಜಿನ್ನು, ಕ್ಯಾಬು ಮೂರೂ ಮುಂದಿನ ಆಕ್ಸಲ್ ನೆತ್ತಿಯ ಮೇಲೆ. ಎಲ್ಲ ಸರಿಮಾಡಿಸಿ ಒಂದು ಮಳೆಗಾಲ ಓಡಿಸಿ. ಆಮೇಲೂ ಭುಜ ನೋಯುತ್ತಿದ್ದರೆ ಪವರ್ ಸ್ಟೇರಿಂಗ್ ಯೋಚಿಸೋಣ. ಆಗ ಹಾಸನದವರನ್ನು ಕೇಳಬೇಕಾದ್ದು ಎರಡು ಮಾತು: ಬಾಕ್ಸನ್ನು ಚಾಸಿಗೆ ಹೇಗೆ ಹಿಡಿಸುತ್ತೀರಿ, ಪಿಟ್‌ಮನ್ ಆರ್ಮ್ ಯಾವ ದಿಕ್ಕಿಗೆ ಆಡುತ್ತದೆ? ಬೊಲೆರೊಗೆ ಮಾಡಿದ ಬಾಕ್ಸನ್ನು ಬೇರೆ ಚಾಸಿಯಲ್ಲಿ ಮಗ್ಗುಲು ಬದಲಿಸಿ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋಗುತ್ತದೆ. ಎರಡಕ್ಕೂ ಚಿತ್ರ ಬರೆದು ಉತ್ತರ ಕೊಡುವವರಿಗೆ ಮಾತ್ರ ಗಾಡಿ ಕೊಡಿ.

ನಾನು ಮಂಡ್ಯದವನು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಕಳೆದ ವರ್ಷ 1969ರ ಶೆವ್ರೊಲೆ ಸಿ-10 ಪಿಕಪ್ ಕೊಂಡೆ. 250 ಆರು ಸಿಲಿಂಡರ್ ಎಂಜಿನ್, ಟೂ ವೀಲ್ ಡ್ರೈವ್, ಮ್ಯಾನುಯಲ್ ಸ್ಟೇರಿಂಗ್, ನಾಲ್ಕಕ್ಕೂ ಡ್ರಮ್ ಬ್ರೇಕ್. ಹಿಂದಿನ ಮಾಲೀಕರು ಅಗಲದ ರೇಡಿಯಲ್ ಟೈರು, 14 ಇಂಚಿನ ಸಣ್ಣ ಸ್ಟೇರಿಂಗ್ ವೀಲ್ ಹಾಕಿದ್ದಾರೆ. ಪಾರ್ಕಿಂಗ್ ಮಾಡುವಾಗ ನನಗೂ ನನ್ನ ಹೆಂಡತಿಗೂ ಪ್ರಾಣ ಹೋಗುತ್ತದೆ. ರ‍್ಯಾಕ್ ಅಂಡ್ ಪಿನಿಯನ್ ಕಿಟ್ ಹಾಕಲೇ, ಪವರ್ ಬಾಕ್ಸ್ ಹಾಕಲೇ? ನಾನೇ ಮಾಡಿಕೊಳ್ಳುವ ಆಸೆ ಇದೆ.
– ಆಸ್ಟಿನ್, ಟೆಕ್ಸಸ್

ನಿಮ್ಮ ಗಾಡಿ ಪವರ್ ಸ್ಟೇರಿಂಗಿಗೆ ಹೇಳಿ ಮಾಡಿಸಿದ್ದು. 1967ರಿಂದ 1972ರವರೆಗಿನ ಈ ತಲೆಮಾರಿನ ಸಿ-10ಗೆ ಕಾರ್ಖಾನೆಯೇ ಹೆಚ್ಚಿನ ಹಣಕ್ಕೆ ಪವರ್ ಸ್ಟೇರಿಂಗ್ ಕೊಡುತ್ತಿತ್ತು. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಆಗಿನ ಖರೀದಿದಾರರು ಉಳಿಸಿದ ದುಡ್ಡನ್ನು ನೀವು ಈಗ ಖರ್ಚು ಮಾಡುತ್ತೀರಿ, ಅಷ್ಟೇ.

ರ‍್ಯಾಕ್ ಬೇಡ ಎನ್ನುತ್ತೇನೆ, ಕಾರಣ ಹೇಳುತ್ತೇನೆ. ಚಕ್ರ ಹಳ್ಳಕ್ಕೆ ಇಳಿದು ಏರುವಾಗ ಮೇಲಿನ ಕೆಳಗಿನ ಕಂಟ್ರೋಲ್ ಆರ್ಮುಗಳು ಒಂದು ಕಮಾನಿನಲ್ಲಿ ಆಡುತ್ತವೆ. ಟೈ ರಾಡ್ ಕೂಡ ಅದೇ ಕಮಾನಿನಲ್ಲಿ ಆಡಬೇಕು. ಅದಕ್ಕೆ ಟೈ ರಾಡಿನ ಒಳತುದಿ ಆರ್ಮುಗಳ ಕೀಲುಗಳ ಸಾಲಿನಲ್ಲೇ ಬರಬೇಕು. ನಿಮ್ಮ ಗಾಡಿಯ ಲಿಂಕೇಜು ಆ ಲೆಕ್ಕದಲ್ಲಿ ಮಾಡಿದ್ದು. ಬೇರೆ ಕಾರಿನ ಅಳತೆಯ ರ‍್ಯಾಕ್ ತಂದು ಇಟ್ಟರೆ ಒಳತುದಿ ಎಲ್ಲೋ ಬೀಳುತ್ತದೆ. ಆಮೇಲೆ ಪ್ರತಿ ಉಬ್ಬಿಗೂ ಚಕ್ರ ತಾನಾಗಿ ಒಂದಿಷ್ಟು ತಿರುಗುತ್ತದೆ. ಪಾರ್ಕಿಂಗಿನಲ್ಲಿ ಸಿಕ್ಕ ಸುಖವನ್ನು ಹೆದ್ದಾರಿಯಲ್ಲಿ ಕಳೆದುಕೊಳ್ಳುತ್ತೀರಿ. ಇಡೀ ಮುಂಭಾಗದ ಸಸ್ಪೆನ್ಷನ್ ಜೊತೆಗೇ ವಿನ್ಯಾಸ ಮಾಡಿದ ರ‍್ಯಾಕ್ ಬೇರೆ ಮಾತು.

ಹಾಗಾಗಿ ಸ್ಯಾಗಿನಾ ಪವರ್ ಬಾಕ್ಸ್ ಹಾಕಿ. ಇದೇ ತಲೆಮಾರಿನ ದಾನಿ ಟ್ರಕ್ ಸಿಕ್ಕರೆ ಬಾಕ್ಸ್ ಒಂದನ್ನೇ ಬಿಚ್ಚಿಕೊಂಡು ಬರಬೇಡಿ. ಪಿಟ್‌ಮನ್ ಆರ್ಮ್ ಬೇಕು, ಮ್ಯಾನುಯಲ್ ಬಾಕ್ಸಿನದು ಪವರ್ ಬಾಕ್ಸಿಗೆ ಬರುವುದಿಲ್ಲ. ಪಂಪಿನ ಬ್ರಾಕೆಟ್ಟು ಬೇಕು, ಆದರೆ ವಿ-8 ಎಂಜಿನ್ನಿನ ಬ್ರಾಕೆಟ್ ನಿಮ್ಮ ಆರು ಸಿಲಿಂಡರಿಗೆ ಕೂರುವುದಿಲ್ಲ, ಆರರದ್ದನ್ನೇ ಹುಡುಕಿ. ಕ್ರ್ಯಾಂಕ್ ಪುಲ್ಲಿಯಲ್ಲಿ ಪಂಪಿನ ಬೆಲ್ಟಿಗೆ ಇನ್ನೊಂದು ತೋಡು ಇರಬೇಕು. ಪಂಪಿನ ಪುಲ್ಲಿ, ಕ್ರ್ಯಾಂಕ್ ಪುಲ್ಲಿ ಎರಡರ ಮುಖಕ್ಕೂ ನೇರವಾದ ಪಟ್ಟಿ ಹಿಡಿದು ನೋಡಿ. ಸ್ವಲ್ಪ ಓರೆಯಿದ್ದರೂ ಬೆಲ್ಟು ಕಿರುಚುತ್ತದೆ, ಆಮೇಲೆ ಹಾರುತ್ತದೆ.

ಮನೆಯಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಸ್ಟೇರಿಂಗ್ ಶಾಫ್ಟಿನಲ್ಲಿ. ಪವರ್ ಬಾಕ್ಸ್ ಮ್ಯಾನುಯಲ್ ಬಾಕ್ಸಿಗಿಂತ ಉದ್ದ, ಅಂದರೆ ಶಾಫ್ಟು ಅಷ್ಟು ಗಿಡ್ಡವಾಗಬೇಕು. ಜೊತೆಗೆ ಬಾಕ್ಸಿನ ತುದಿಯ ಹಲ್ಲುಗಳೂ ಬೇರೆ. ಮ್ಯಾನುಯಲ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಮುಕ್ಕಾಲು ಇಂಚಿನ 30 ಹಲ್ಲು, ಆ ಕಾಲದ ಪವರ್ ಬಾಕ್ಸಿನಲ್ಲಿ 13/16 ಇಂಚಿನ 36 ಹಲ್ಲು. ಕೊಳ್ಳುವ ಮೊದಲು ಕ್ಯಾಲಿಪರ್ ಹಿಡಿದು ಅಳೆಯಿರಿ, ಹಲ್ಲು ಎಣಿಸಿ, ಅದಕ್ಕೆ ತಕ್ಕ ಕಪ್ಲರ್ ತರಿಸಿ. ಶಾಫ್ಟನ್ನು ಕತ್ತರಿಸಿ ಮಧ್ಯೆ ವೆಲ್ಡ್ ಮಾಡುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಆ ಒಂದು ಬೆಸುಗೆಯನ್ನು ನಂಬಿ ನಿಮ್ಮ ಹೆಂಡತಿ ಮಕ್ಕಳು ಗಾಡಿಯಲ್ಲಿ ಕೂರುತ್ತಾರೆ. ಜಾರಿ ಕೂರುವ ಡಬಲ್-ಡಿ ಶಾಫ್ಟು, ಬೋಲ್ಟಿನಲ್ಲಿ ಕಚ್ಚುವ ಜಾಯಿಂಟು ಇದಕ್ಕೆಂದೇ ಸಿಗುತ್ತವೆ.

ಇನ್ನು ಚಾಸಿ. ಈ ಬಾಕ್ಸುಗಳಿಗೆ ಪಂಪು ಕೊಡುವ ಒತ್ತಡ ಸುಮಾರು 1,000ದಿಂದ 1,500 ಪಿಎಸ್‌ಐ. ಲೆಕ್ಕಕ್ಕೆ ಮೂರು ಇಂಚು ವ್ಯಾಸದ ಪಿಸ್ಟನ್, 1,000 ಪಿಎಸ್‌ಐ ಎಂದು ಇಟ್ಟುಕೊಳ್ಳಿ: ಪಿಸ್ಟನ್ನಿನ ಮುಖ ಏಳು ಚದರ ಇಂಚು, ಅದರ ಮೇಲೆ ಬೀಳುವ ಬಲ 7,000 ಪೌಂಡು, ಮೂರು ಟನ್ನಿಗೂ ಮೇಲೆ. ಆ ಬಲ ಚಕ್ರವನ್ನು ತಳ್ಳುವಾಗ ಬಾಕ್ಸು ಅಷ್ಟೇ ಜೋರಾಗಿ ಚಾಸಿಯನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ನಿಮ್ಮ ಗಾಡಿಯ ಮುಂದಿನ ತಲೆಮಾರಿನ, 1973ರಿಂದ ಬಂದ ಫೋರ್ ವೀಲ್ ಶೆವ್ರೊಲೆಗಳಲ್ಲಿ ದೊಡ್ಡ ಟೈರು ಹಾಕಿದ ಮೇಲೆ ಬಾಕ್ಸಿನ ಬುಡದಲ್ಲಿ ಚಾಸಿ ಬಿರುಕು ಬಿಡುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆಂದೇ ರಿಪೇರಿ ಪ್ಲೇಟು ಮಾರುತ್ತಾರೆ. ಹಳೆಯ ಬಾಕ್ಸ್ ಬಿಚ್ಚಿದ ದಿನ ಆ ಜಾಗವನ್ನು ತಂತಿ ಬ್ರಶ್ಶಿನಲ್ಲಿ ಲೋಹ ಹೊಳೆಯುವಂತೆ ಉಜ್ಜಿ, ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯ ಗೆರೆ ಇದೆಯೇ ನೋಡಿ. ಇದ್ದರೆ ಮೊದಲು ಅದರ ಕೆಲಸ.

ಗೇರ್ ಅನುಪಾತ ಮ್ಯಾನುಯಲ್ಲಿನಲ್ಲಿ ಸುಮಾರು 24:1 ಇದ್ದದ್ದು ಪವರ್ ಬಾಕ್ಸಿನಲ್ಲಿ 16:1ರಿಂದ 17.5:1ಕ್ಕೆ ಇಳಿಯುತ್ತದೆ. ಹಗುರವಾಗುವುದರ ಜೊತೆಗೆ ಗಾಡಿ ಬೇಗನೆ ತಿರುಗುತ್ತದೆ. ಮೊದಲ ವಾರ ಖಾಲಿ ರಸ್ತೆಯಲ್ಲಿ ಓಡಿಸಿ ಕೈಗೆ ಅಭ್ಯಾಸ ಮಾಡಿಸಿ. ಬ್ರೇಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸ್ಟೇರಿಂಗ್ ಹಗುರವಾದ ಗಾಡಿಯನ್ನು ಜನ ಜೋರಾಗಿ ಓಡಿಸುತ್ತಾರೆ. ಶೆವ್ರೊಲೆ 1971ರಲ್ಲಿ ಈ ಪಿಕಪ್ಪಿಗೆ ಮುಂದಿನ ಡಿಸ್ಕ್ ಬ್ರೇಕನ್ನು ಎಲ್ಲಕ್ಕೂ ಕೊಟ್ಟಿತು. ಮುಂದಿನ ಚಕ್ರ ಹೇಗೂ ಬಿಚ್ಚುತ್ತೀರಿ, ಅದರ ಯೋಚನೆಯನ್ನೂ ಈಗಲೇ ಮಾಡಿ.

ಇವೆಲ್ಲಕ್ಕೂ ಮೊದಲು ಈ ಶನಿವಾರವೇ ಮಾಡಬಹುದಾದ ಕೆಲಸ ಒಂದಿದೆ. ಆ 14 ಇಂಚಿನ ವೀಲ್ ತೆಗೆದು 17 ಇಂಚಿನ ಹಳೆಯ ಕಾಲದ ವೀಲ್ ಹಾಕಿ. ಸಣ್ಣ ವೀಲಿನಿಂದ ನೀವು ಐದನೆಯ ಒಂದು ಪಾಲಿಗೂ ಹೆಚ್ಚು ಬಲ ಸುಮ್ಮನೆ ಹಾಕುತ್ತಿದ್ದೀರಿ.

ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಬೆಲ್ಟು ತುಂಡಾದರೆ ಅಥವಾ ಎಂಜಿನ್ ಆಫ್ ಆದರೆ ಸ್ಟೇರಿಂಗ್ ಲಾಕ್ ಆಗಿಬಿಡುತ್ತದೆ ಎನ್ನುತ್ತಾರೆ. ನಿಜವೇ? ಇದನ್ನು ಮೊದಲು ಮಾಡಿದವರು ಯಾರು?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಲಾಕ್ ಆಗುವುದಿಲ್ಲ. ಶಾಫ್ಟು ಬಾಕ್ಸಿಗೆ ಸೇರುವಲ್ಲಿ ತೆಳ್ಳನೆಯ ಉಕ್ಕಿನ ಸರಳೊಂದಿದೆ, ಅದೇ ಟಾರ್ಷನ್ ಬಾರ್. ನೀವು ಸ್ಟೇರಿಂಗ್ ತಿರುಗಿಸಿದಾಗ ಚಕ್ರ ನೆಲಕ್ಕೆ ಕಚ್ಚಿ ನಿಂತಿರುವುದರಿಂದ ಈ ಸರಳು ಕೊಂಚ ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ರೋಟರಿ ವಾಲ್ವಿನ ಕಿಂಡಿಗಳು ಸರಿದು, ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತದೆ. ಪಿಸ್ಟನ್ ಮೈಮೇಲಿನ ಹಲ್ಲುಗಳು ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತವೆ. ಚಕ್ರ ತಿರುಗಿ ನಿಮ್ಮ ಕೈಗೆ ಸಮ ಬಂದಾಗ ಸರಳು ನೆಟ್ಟಗಾಗಿ ಕಿಂಡಿ ಮುಚ್ಚುತ್ತದೆ. ಎಣ್ಣೆಯ ಒತ್ತಡ ಇಲ್ಲದಿದ್ದರೆ ಸರಳು ಒಂದು ಮಿತಿಯವರೆಗೆ ತಿರುಚಿ, ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ತಾಗಿ ನೇರವಾಗಿ ತಿರುಗುತ್ತದೆ. ಗಾಡಿ ನಿಮ್ಮ ಹಿಡಿತದಲ್ಲೇ ಇರುತ್ತದೆ, ಆದರೆ ಮ್ಯಾನುಯಲ್ಲಿಗಿಂತ ಭಾರ, ಯಾಕೆಂದರೆ ಅನುಪಾತ ಕಡಿಮೆ, ಎಣ್ಣೆಯನ್ನೂ ನೀವೇ ತಳ್ಳಬೇಕು. ಜನ ಲಾಕ್ ಎಂದುಕೊಳ್ಳುವುದು ಆ ಭಾರವನ್ನು. ಕೀ ಹೊರಗೆ ತೆಗೆದಾಗ ಬೀಳುವ ಕಳ್ಳತನ ತಡೆಯುವ ಲಾಕು ಬೇರೆ. ಈ ಎರಡರ ಕಾರಣಕ್ಕೇ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಓಡಿಸಬಾರದು.

ಕೆಲಸಕ್ಕೆ ಬರುವ ಪವರ್ ಸ್ಟೇರಿಂಗ್ ಮಾಡಿ ತೋರಿಸಿದವರು ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರು. ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದಾಗ ಭಾರದ ಲಾರಿಗಳ ಸ್ಟೇರಿಂಗ್ ಎಷ್ಟು ಕಷ್ಟ ಎಂದು ಕಣ್ಣಾರೆ ಕಂಡವರು. ಕೆಲಸ ಬಿಟ್ಟು, ಮ್ಯಾಸಚೂಸೆಟ್ಸಿನ ವಾಲ್ಥಮ್‌ನಲ್ಲಿ ಸ್ವಂತ ಶೆಡ್ಡಿನಲ್ಲಿ ಕೂತು ಹೈಡ್ರಾಲಿಕ್ ಸ್ಟೇರಿಂಗ್ ಮಾಡಿದರು. 1926ರಲ್ಲಿ ಅದನ್ನು ಕಾರಿಗೆ ಅಳವಡಿಸಿ ತೋರಿಸಿದರು. ಖರ್ಚು ಹೆಚ್ಚೆಂದು ಕಾರು ಕಂಪನಿಗಳು ಮುಂದೂಡುತ್ತಾ ಹೋದವು. ಎರಡನೆಯ ಮಹಾಯುದ್ಧದಲ್ಲಿ ಕವಚದ ಸೇನಾ ವಾಹನಗಳಿಗೆ ಅದು ಬೇಕಾಯಿತು. ಮಾರುವ ಕಾರಿನಲ್ಲಿ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್ಲಿನಲ್ಲಿ, ಡೇವಿಸ್ ತೋರಿಸಿ ಕಾಲು ಶತಮಾನ ಕಳೆದ ಮೇಲೆ. ಲಾರಿಯವರ ಕಷ್ಟ ಕಂಡು ಹುಟ್ಟಿದ ವಸ್ತು ಎಂಬುದು ನನಗೆ ಇಷ್ಟವಾದ ಸಂಗತಿ.

ನನ್ನ ಅಪ್ಪನಿಗೆ ಎಪ್ಪತ್ತು ದಾಟಿದೆ. ಹಿಂದೆ ಪಿಕಪ್ ತೊಟ್ಟಿ ಕಟ್ಟಿಸಿರುವ ಸಿಜೆ-3ಬಿ ಜೀಪನ್ನು ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ. ಬಲಗೈ ಭುಜಕ್ಕೆ ಆಪರೇಷನ್ ಆಗಿದೆ. ಎಂಜಿನ್ನಿಗೆ ಪಂಪು, ಬೆಲ್ಟು ಅಂತ ಕೈಹಾಕದೆ, ಕಾರಿನಲ್ಲಿ ಬರುವ ಎಲೆಕ್ಟ್ರಿಕ್ ಸ್ಟೇರಿಂಗ್ ಕಾಲಂ ಹಾಕಿಸಬಹುದೇ?
– ಮಡಿಕೇರಿ

ಹಾಕಬಹುದು, ನಿಮ್ಮ ಅಪ್ಪನ ಸ್ಥಿತಿಗೆ ಅದೇ ಸರಿಯಾದ ದಾರಿ ಅನಿಸುತ್ತದೆ. ಕಾಲಮ್ಮಿನಲ್ಲೇ ಮೋಟಾರು; ಕೈಯ ಬಲ ಅಳೆಯುವ ಸೆನ್ಸರ್ ಎಷ್ಟು ಹೇಳುತ್ತದೋ ಅಷ್ಟು ಸಹಾಯ. ಎಣ್ಣೆ ಸೋರುವ ಚಿಂತೆ ಇಲ್ಲ. ಮುಂದೆ ಬೇಡವೆಂದರೆ ಬಿಚ್ಚಿ ಹಳೆಯದನ್ನೇ ಕೂರಿಸಬಹುದು.

ಆದರೆ ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಿ. ಹೈಡ್ರಾಲಿಕ್ಕಿನಲ್ಲಿ ಹಳೆಯ ಬಾಕ್ಸೇ ಹೋಗಿ ಹೊಸ ಗಟ್ಟಿ ಬಾಕ್ಸ್ ಬರುತ್ತದೆ. ಎಲೆಕ್ಟ್ರಿಕ್ ಕಾಲಮ್ಮಿನಲ್ಲಿ ಮೋಟಾರಿನ ಬಲ ನಿಮ್ಮ ಹಳೆಯ ಬಾಕ್ಸಿನ ಮೂಲಕವೇ ಹಾದು ಹೋಗಬೇಕು. ಇಷ್ಟು ದಿನ ಅಪ್ಪನ ಭುಜದ ಬಲವಷ್ಟೇ ಬೀಳುತ್ತಿದ್ದ ಆ ಮೊಳೆಗಳ ಮೇಲೆ ಇನ್ನು ಮೋಟಾರಿನ ಬಲವೂ ಬೀಳುತ್ತದೆ. ಅದಕ್ಕೆ ಮೊದಲು ಬಾಕ್ಸ್ ಬಿಚ್ಚಿಸಿ, ಮೊಳೆ ಸವೆದಿದ್ದರೆ ಲಿವರ್ ಬದಲಿಸಿ. ಮುಂದಿನ ಕ್ರಾಸ್ ಮೆಂಬರ್ ಮೇಲಿರುವ ಬೆಲ್ ಕ್ರ್ಯಾಂಕನ್ನೂ ನೋಡಿಸಿ. ಬಾಕ್ಸಿನಿಂದ ಹಿಂದೆ ಮುಂದೆ ಬರುವ ಚಲನೆಯನ್ನು ಅಡ್ಡ ಚಲನೆ ಮಾಡಿ ಟೈ ರಾಡುಗಳಿಗೆ ಕೊಡುವುದು ಅದು. ಅದರ ಪಿನ್ನು, ಬೇರಿಂಗು ಸವೆದರೆ ಜೀಪು ರಸ್ತೆಯ ಅಗಲಕ್ಕೂ ಅಲೆಯುತ್ತದೆ, ಮೋಟಾರಿನಿಂದ ಅದು ಸರಿಹೋಗುವುದಿಲ್ಲ.

ಕರೆಂಟಿನ ಲೆಕ್ಕ ಇನ್ನೊಂದು. ನಿಂತಲ್ಲೇ ತಿರುಗಿಸುವಾಗ ಮೋಟಾರು ಕ್ಷಣಕಾಲ ಐವತ್ತು ಅರವತ್ತು ಆಂಪಿಯರ್ ಎಳೆಯಬಹುದು. ಹಳೆಯ ಡೈನಮೋ ಅದನ್ನು ಕೊಡಲಾರದು. ಒಳ್ಳೆಯ ಆಲ್ಟರ್ನೇಟರು, ಸರಿಯಾದ ಬ್ಯಾಟರಿ, ಬ್ಯಾಟರಿಯಿಂದಲೇ ನೇರ ದಪ್ಪ ತಂತಿ, ಅದಕ್ಕೆ ಬೇರೆಯೇ ಫ್ಯೂಸು, ಚಾಸಿಗೆ ಗಟ್ಟಿ ಅರ್ತಿಂಗು. ವೇಗ ಹೆಚ್ಚಿದಂತೆ ಸಹಾಯ ಕಡಿಮೆ ಮಾಡಲು ಕಾರಿನಲ್ಲಿ ಸ್ಪೀಡ್ ಸಿಗ್ನಲ್ ಇರುತ್ತದೆ, ಜೀಪಿನಲ್ಲಿ ಇಲ್ಲ. ಅಳವಡಿಸುವವರು ಸಹಾಯವನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿ ಕೊಡುತ್ತಾರೆ. ಆ ಮಟ್ಟವನ್ನು ಕಡಿಮೆಯ ಕಡೆಗೇ ಇಡಿಸಿ. ಕೈಗೆ ರಸ್ತೆ ಗೊತ್ತಾಗದಷ್ಟು ಹಗುರವಾದರೆ ಮಡಿಕೇರಿಯ ಮಂಜಿನಲ್ಲಿ ಅಪಾಯ. ಅಪ್ಪನಿಗೆ ಒಂದು ಮಾತು ಹೇಳಿ, ಹಳಬರಿಗೆ ಗೊತ್ತಿರುವುದೇ: ಗಾಡಿ ಒಂದಿಂಚಾದರೂ ಉರುಳುತ್ತಿರುವಾಗ ತಿರುಗಿಸಲಿ, ನಿಂತಲ್ಲೇ ಬೇಡ.

ಸರ್, ನಮ್ಮ ಗ್ಯಾರೇಜಿನ್ಯಾಗ ಒಂದು ಹಳೇ ಮಹೀಂದ್ರ ಪಿಕಪ್ಪಿಗೆ ಬೊಲೆರೊ ಬಾಕ್ಸ್ ಕುಂದ್ರಿಸೀವಿ. ಕೈಗೆ ಹಗುರ ಆಗೇತಿ, ಮಾಲೀಕ್ರೂ ಖುಷಿ ಅದಾರ. ಆದ್ರ ತಿರುವಿ ಬಿಟ್ರ ಸ್ಟೇರಿಂಗ್ ತಾನಾಗೇ ವಾಪಸ್ ಬರೂದಿಲ್ಲ, ಹೈವೇದಾಗ ಅರವತ್ತರ ಮ್ಯಾಲೆ ಗಾಡಿ ತೇಲಿದಂಗ ಆಗ್ತದ. ಏನ್ ಮಾಡೂಣ್ರಿ?
– ಮೆಕ್ಯಾನಿಕ್, ಹುಬ್ಬಳ್ಳಿ

ಮಾಲೀಕರು ಖುಷಿಯಾಗಿದ್ದರೂ ನಿಮಗೆ ಸಮಾಧಾನವಾಗಿಲ್ಲ ನೋಡಿ, ಅದಕ್ಕೆ ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಸಂತೋಷ.

ನಿಮ್ಮ ಬಾಕ್ಸ್ ನಡುವಿಗೆ ಕೂತಿದೆಯೇ ಮೊದಲು ನೋಡಿ. ಈ ಬಾಕ್ಸುಗಳ ಒಳಗೆ ಹಲ್ಲುಗಳು ಅತಿ ಬಿಗಿಯಾಗಿ ಕೂಡುವುದು ಸರಿ ನಡುವಿನಲ್ಲಿ, ಎರಡೂ ಕಡೆಗೆ ಹೋದಂತೆ ಸ್ವಲ್ಪ ಸಡಿಲ. ಗಾಡಿ ನೇರ ಹೋಗುವಾಗ ಬಾಕ್ಸ್ ಆ ನಡುವಿನಲ್ಲೇ ಇರಬೇಕು. ಡ್ರ್ಯಾಗ್ ಲಿಂಕ್ ಬಿಚ್ಚಿ, ಆ ಕೊನೆಯಿಂದ ಈ ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಈಗ ಚಕ್ರಗಳನ್ನು ನೇರ ಮಾಡಿ, ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಿ ಸೇರಿಸಿ. ಸ್ಟೇರಿಂಗ್ ವೀಲ್ ಸೊಟ್ಟ ಕಂಡರೆ ಆಮೇಲೆ ವೀಲನ್ನು ತೆಗೆದು ನೇರ ಕೂರಿಸಿ. ಬಹಳ ಕಡೆ ಇದನ್ನು ತಲೆಕೆಳಗೆ ಮಾಡುತ್ತಾರೆ, ವೀಲ್ ನೇರವಿದ್ದರೆ ಕೆಲಸ ಆಯಿತು ಅಂತ. ಆಗ ಗಾಡಿ ನೇರ ಹೋಗುವಾಗ ಬಾಕ್ಸ್ ಸಡಿಲದ ಜಾಗದಲ್ಲಿ ಇರುತ್ತದೆ, ನೀವು ಹೇಳಿದ ಹಾಗೆ ತೇಲುತ್ತದೆ.

ಅದು ಸರಿಯಿದ್ದರೆ ಕ್ಯಾಸ್ಟರ್. ಕಿಂಗ್‌ಪಿನ್ನಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಚಕ್ರವನ್ನು ವಾಪಸ್ ನೇರಕ್ಕೆ ತರುವುದು ಆ ವಾಲು. ಸ್ಪ್ರಿಂಗ್ ಪ್ಲೇಟು ಸೋತಿದ್ದರೆ, ಗಾಡಿ ಎತ್ತರಿಸಲು ಶಾಕಲ್ ಬದಲಿಸಿದ್ದರೆ ಆಕ್ಸಲ್ಲೇ ಉರುಳಿ ಕ್ಯಾಸ್ಟರ್ ಸತ್ತುಹೋಗಿರುತ್ತದೆ. ಮ್ಯಾನುಯಲ್ ಇದ್ದಾಗ ಬಾಕ್ಸಿನ ತಡೆ ಕಡಿಮೆ, ಹೇಗೋ ವಾಪಸ್ ಬರುತ್ತಿತ್ತು. ಪವರ್ ಬಾಕ್ಸಿನಲ್ಲಿ ಚಕ್ರ ಎಣ್ಣೆಯನ್ನೂ ತಳ್ಳಿಕೊಂಡು ಬರಬೇಕು, ಅದಕ್ಕೆ ಕ್ಯಾಸ್ಟರ್ ಹೆಚ್ಚು ಬೇಕು. ಅಲೈನ್‌ಮೆಂಟಿನವರ ಹತ್ತಿರ ಅಳೆಸಿ. ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಓರೆ ಶಿಮ್ಮು ಕೊಟ್ಟು ಮೂರರಿಂದ ಐದು ಡಿಗ್ರಿಯೊಳಗೆ ತನ್ನಿ. ಫೋರ್ ವೀಲ್ ಆದರೆ ಆಕ್ಸಲ್ ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಗಮನವಿರಲಿ.

ಇನ್ನೊಂದು ಕೆಲಸ, ಇದನ್ನು ಯಾವ ಗಾಡಿಗೂ ಬಿಡಬೇಡಿ. ಚಕ್ರವನ್ನು ಪೂರ್ತಿ ತಿರುಗಿಸಿದಾಗ ಆಕ್ಸಲ್ಲಿನ ಸ್ಟಾಪ್ ಬೋಲ್ಟ್ ಮೊದಲು ತಾಗಬೇಕು. ಬೋಲ್ಟಿಗಿಂತ ಮೊದಲು ಬಾಕ್ಸ್ ತನ್ನ ಕೊನೆ ಮುಟ್ಟಿದರೆ ಪ್ರತಿ ಯು-ಟರ್ನಿಗೂ ಪಿಸ್ಟನ್ ಗೋಡೆಗೆ ಹೊಡೆಯುತ್ತದೆ. ಡ್ರೈವರಿಗೂ ಹೇಳಿ, ಪೂರ್ತಿ ತಿರುಗಿಸಿ ಒತ್ತಿ ಹಿಡಿದುಕೊಂಡು ಕೂರಬಾರದು. ಎಣ್ಣೆಗೆ ಹೋಗಲು ದಾರಿಯಿಲ್ಲದೆ ರಿಲೀಫ್ ವಾಲ್ವಿನಲ್ಲೇ ಸುತ್ತಿ ಕಾಯುತ್ತದೆ, ಪಂಪು ಬೇಗ ಸಾಯುತ್ತದೆ.

ನನ್ನ ಜೀಪ್ ಪಿಕಪ್ಪಿಗೆ ಐವತ್ತು ವರ್ಷ ದಾಟಿದೆ. ವಿಂಟೇಜ್ ನಂಬರ್ ತೆಗೆದುಕೊಳ್ಳುವ ಯೋಚನೆ. ಪವರ್ ಸ್ಟೇರಿಂಗ್ ಹಾಕಿಸಿದರೆ ತೊಂದರೆ ಇದೆಯೇ?
– ಬೆಂಗಳೂರು

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಜೀವಾಳ. ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಅಂದಮೇಲೆ ಹೇಗೂ ಅಪರೂಪಕ್ಕೆ ಹೊರತೆಗೆಯುವ ಗಾಡಿಗೆ ಚಾಸಿ ಕತ್ತರಿಸಿ ಬಾಕ್ಸ್ ಕೂರಿಸುವುದು ಬೇಡವೇ ಬೇಡ. ಸಕಲೇಶಪುರದವರಿಗೆ ಹೇಳಿದ ಹಾಗೆ ಕಿಂಗ್‌ಪಿನ್ನು, ಬಾಕ್ಸು, ಟೈರು ಸರಿಮಾಡಿಸಿ ಮೂಲದಲ್ಲೇ ಉಳಿಸಿಕೊಳ್ಳಿ.

ವಿಂಟೇಜ್ ನಂಬರ್ ಬೇಡ, ಓಡಿಸುವುದೇ ಮುಖ್ಯ ಎನ್ನುವವರಿಗೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಆರ್‌ಟಿಒಗೆ ಮೊದಲೇ ಒಂದು ಅರ್ಜಿ ಬರೆದು, ಏನು ಹಾಕಿಸುತ್ತಿದ್ದೀರಿ ಎಂದು ತಿಳಿಸಿ, ಬರಹದಲ್ಲೇ ಉತ್ತರ ಪಡೆದು ಮುಂದುವರಿಯಿರಿ. ವಿಮೆ ಕಂಪನಿಗೂ ತಿಳಿಸಿ.

ಪವರ್ ಸ್ಟೇರಿಂಗ್ ಹಾಕಿಸಿ ಒಂದು ತಿಂಗಳಾಯಿತು. ತಿರುಗಿಸುವಾಗ ಪಂಪು ಗೊಂಯ್ ಎನ್ನುತ್ತದೆ, ಡಬ್ಬಿಯಲ್ಲಿ ಎಣ್ಣೆ ಕಡೆದ ಮಜ್ಜಿಗೆಯ ಹಾಗೆ ನೊರೆ ನೊರೆ. ಪಂಪೇ ಹಾಳೇ?
– ಚಿಕ್ಕಮಗಳೂರು

ಪಂಪು ಇನ್ನೂ ಹಾಳಾಗಿರಲಾರದು, ಹೀಗೇ ಓಡಿಸಿದರೆ ಆಗುತ್ತದೆ. ಎಣ್ಣೆಯೊಳಗೆ ಗಾಳಿ ಸೇರಿದೆ. ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ನೋಡಿ. ಅದು ಎಳೆಯುವ ಬದಿಯಾದ್ದರಿಂದ ಎಣ್ಣೆ ಹೊರಗೆ ಸೋರದೆಯೇ ಗಾಳಿ ಒಳಗೆ ಹೋಗಬಹುದು. ಕ್ಲಿಪ್ ಬದಲಿಸಿ, ಗಾಡಿಯನ್ನು ರಾತ್ರಿಯಿಡೀ ಬಿಟ್ಟು ನೊರೆ ಇಳಿಯಲು ಬಿಡಿ. ಬೆಳಿಗ್ಗೆ ಮುಂದಿನ ಚಕ್ರ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡದೆ, ಆ ಕೊನೆಯಿಂದ ಈ ಕೊನೆಗೆ ಮೆಲ್ಲಗೆ ಇಪ್ಪತ್ತು ಸಲವಾದರೂ ತಿರುಗಿಸಿ. ಒಬ್ಬರು ತಿರುಗಿಸುತ್ತಿರಲಿ, ಇನ್ನೊಬ್ಬರು ಡಬ್ಬಿ ನೋಡುತ್ತಾ ಗುಳ್ಳೆ ಬಂದು ಮಟ್ಟ ಇಳಿದಂತೆ ಎಣ್ಣೆ ಹಾಕುತ್ತಿರಲಿ. ಗುಳ್ಳೆ ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಇನ್ನೊಮ್ಮೆ ಅದನ್ನೇ ಮಾಡಿ. ಎಣ್ಣೆ ಯಾವುದು ಎಂಬುದು ಆ ಪಂಪು ಯಾವ ಗಾಡಿಯದೋ ಅದರ ಪುಸ್ತಕದಲ್ಲಿ ಇರುವುದೇ; ಬ್ರೇಕ್ ಆಯಿಲ್ ಮಾತ್ರ ಒಂದು ತೊಟ್ಟೂ ಹಾಕಬೇಡಿ, ಒಳಗಿನ ಸೀಲುಗಳೆಲ್ಲ ಉಬ್ಬಿ ಹೋಗುತ್ತವೆ. ಒತ್ತಡದ ಬದಿಯ ಹೋಸಿಗೆ ಯಾರಾದರೂ ಬರೀ ಕ್ಲಿಪ್ ಹಾಕಿ ಬಿಟ್ಟಿದ್ದರೆ ಈವತ್ತೇ ತೆಗೆಸಿ, ತುದಿ ಒತ್ತಿಸಿದ ಹೈಡ್ರಾಲಿಕ್ ಹೋಸು ಮಾಡಿಸಿ. ಅದು ಬಿಟ್ಟುಕೊಂಡರೆ ಎಣ್ಣೆ ಸಿಡಿಯುವುದು ಪಕ್ಕದಲ್ಲೇ ಕಾದು ನಿಂತ ಸೈಲೆನ್ಸರ್ ಪೈಪಿನ ಮೇಲೆ.